ನೆಂಟರಿಗೆ ಕಟ್ಟಿದ ಮನೆ

ಅಡಿಕೆಗೆ ಒಳ್ಳೆಯ ಧಾರಣೆ ಬಂದ ಮರುವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಳೆಯ ಮನೆಯ ಹೆಂಚು ಇಳಿಯುತ್ತದೆ, ಮುಂಡಿಗೆ ತೊಲೆಗಳು ಅಂಗಳದಲ್ಲಿ ರಾಶಿ ಬೀಳುತ್ತವೆ, ಜೆಸಿಬಿ ಬರುತ್ತದೆ, ಮುಂದಿನ ಮಳೆಗಾಲದೊಳಗೆ ಟೆರೇಸ್ ಮನೆ ಏಳುತ್ತದೆ. ಗೃಹಪ್ರವೇಶಕ್ಕೆ ಬಂದವರು ಬಗ್ಗಿ ನೆಲದ ಹೊಳಪು ನೋಡುತ್ತಾರೆ, ತಲೆಯೆತ್ತಿ ಫಾಲ್ಸ್ ಸೀಲಿಂಗ್ ನೋಡುತ್ತಾರೆ, ‘ಭರ್ಜರಿ ಆಗಿದೆ ಮಾರಾಯ್ರೆ’ ಎಂದು ಹೋಳಿಗೆ ಊಟ ಮಾಡಿ ಹೊರಡುತ್ತಾರೆ. ಆ ಒಂದು ದಿನದ ಮೆಚ್ಚುಗೆಗೆ ಕಟ್ಟಿದ ಮನೆಯಲ್ಲಿ ಇನ್ನು ಮೂವತ್ತು ನಲವತ್ತು ವರ್ಷ ಇರಬೇಕಾದವರು ಮಾತ್ರ ಮೊದಲ ಮಳೆಗಾಲದಲ್ಲೇ ಒದ್ದೆ ಬಟ್ಟೆ ಎಲ್ಲಿ ಹರವುವುದೆಂದು ತಿಳಿಯದೆ ಸೋಫಾದ ಬೆನ್ನಿಗೆ ಹರವುತ್ತಾರೆ.

ಅಡುಗೆಮನೆಯ ಕಿಟಕಿಗೆ ಕಪಾಟು ಅಡ್ಡ ಬಂದಿದೆಯಲ್ಲ ಎಂದು ಕೇಳಿ ನೋಡಿ. ‘ಆಗ್ತದೆ ಬಿಡಿ.’ ಬಚ್ಚಲಿಗೆ ಇಳಿಯುವಲ್ಲಿ ಇಷ್ಟೆತ್ತರದ ಮೆಟ್ಟಿಲು, ಅಮ್ಮನಿಗೆ ಮಂಡಿನೋವಲ್ಲವೇ ಎನ್ನಿ. ‘ರೂಢಿಯಾದ್ರೆ ಆಗ್ತದೆ.’ ಮಗಳು ಓದಲು ಕೂರುವುದೆಲ್ಲಿ? ‘ಎಲ್ಲಾದ್ರೂ ಕೂತ್ರಾಯ್ತು, ಇಷ್ಟು ದೊಡ್ಡ ಮನೆ ಇಲ್ವಾ?’ ಈ ಉತ್ತರಗಳನ್ನು ಕೊಡುವವರು ಯಾರೆಂದು ಗಮನಿಸಬೇಕು. ಹಗಲಿಡೀ ತೋಟ, ಪೇಟೆ, ಸೊಸೈಟಿ ಎಂದು ತಿರುಗಿ ಮನೆಗೆ ಊಟಕ್ಕೂ ನಿದ್ದೆಗೂ ಬರುವ ಯಜಮಾನರು. ಮೇಸ್ತ್ರಿಯ ಜೊತೆ ಮಾತಾಡಿದವರು ಅವರು, ಟೈಲ್ಸ್ ಆರಿಸಲು ಶಿವಮೊಗ್ಗಕ್ಕೆ ಹೋದವರು ಅವರು. ಮನೆಯೊಳಗೆ ಹದಿನಾರು ಗಂಟೆ ಕಳೆಯುವವರನ್ನು ಕೇಳಿದ್ದು ಒಂದೇ ಪ್ರಶ್ನೆ: ಗೋಡೆಗೆ ಯಾವ ಬಣ್ಣ ಬೇಕು? ಅದೂ ಎಲ್ಲ ಮುಗಿದ ಮೇಲೆ.

ಮನೆಯ ಒಳಗನ್ನು ಒಪ್ಪವಾಗಿಸುವುದೆಂದರೆ ಕಟ್ಟಿ ಮುಗಿದ ಮೇಲೆ ಹಚ್ಚುವ ಅಲಂಕಾರ ಎಂದು ನಾವು ತಿಳಿದಿದ್ದೇವೆ. ಈ ತಪ್ಪು ತಿಳಿವಳಿಕೆಯೇ ಎಲ್ಲ ಕೆಡಿಸಿದೆ. ಒಂದು ಕೋಣೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯುವ ಮೊದಲ ಪ್ರಶ್ನೆ ಬಹಳ ಸರಳ: ಇಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡುತ್ತಾರೆ? ಹೆಚ್ಚು ಹೊತ್ತು ಬಳಕೆಯಾಗುವ ಕೋಣೆಗೆ ಮನೆಯ ಅತ್ಯುತ್ತಮ ಬೆಳಕು, ಗಾಳಿ, ಜಾಗ ಸಲ್ಲಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ಸರಿಯಾಗಿ ತಲೆಕೆಳಗು. ಮುಂದಿನ ಹಾಲ್‌ಗೆ ಮನೆಯ ಕಾಲುಭಾಗ, ದೊಡ್ಡ ಕಿಟಕಿ, ದುಬಾರಿ ನೆಲ. ಅದರಲ್ಲಿ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ, ಗಾಜಿನ ಶೋಕೇಸ್, ಶೋಕೇಸಿನಲ್ಲಿ ಸನ್ಮಾನದ ಫಲಕಗಳು, ಯಕ್ಷಗಾನದ ಪುಟ್ಟ ಕಿರೀಟ, ಧೂಳು ಹಿಡಿದ ಪ್ಲಾಸ್ಟಿಕ್ ಗುಲಾಬಿ. ಮನೆಯವರು? ಅವರೆಲ್ಲ ಅಡುಗೆಮನೆಯ ಪಕ್ಕದ ಇಕ್ಕಟ್ಟಿನಲ್ಲಿ, ಊಟದ ಮೇಜಿನ ಸುತ್ತ, ಒಂದು ಟ್ಯೂಬ್‌ಲೈಟಿನ ಅಡಿ. ಅಲ್ಲಿಯೇ ಕಾಫಿ, ಅಲ್ಲಿಯೇ ಮಾತು, ಅಲ್ಲಿಯೇ ಜಗಳ, ಅಲ್ಲಿಯೇ ಮಗುವಿನ ಹೋಂವರ್ಕ್. ಅತ್ಯುತ್ತಮ ಕೋಣೆಯನ್ನು ವರ್ಷಕ್ಕೆ ನಾಲ್ಕು ಸಲ ಬರುವವರಿಗೆ ಮೀಸಲಿಟ್ಟು ನಾವು ಹಿತ್ತಲಲ್ಲಿ ಬದುಕುತ್ತಿದ್ದೇವೆ.

ಆ ನಾಲ್ಕು ಸಲ ಬರುವ ನೆಂಟರಿಗಾದರೂ ಸುಖವಿದೆಯೇ? ಸೋಫಾ, ಕುರ್ಚಿ ಎಲ್ಲವನ್ನೂ ನಾಲ್ಕು ಗೋಡೆಗೆ ಒತ್ತಿ ನಡುವೆ ಖಾಲಿ ಬಿಟ್ಟಿರುತ್ತೇವೆ. ಬಂದವರು ಬಸ್ ನಿಲ್ದಾಣದಲ್ಲಿ ಕಾದವರಂತೆ ಸಾಲಾಗಿ ಕೂತು ಟಿವಿಯ ಕಡೆ ಮುಖ ಮಾಡುತ್ತಾರೆ. ಎದುರುಬದುರು ಕೂತವರ ನಡುವೆ ಎಂಟು ಅಡಿಗಿಂತ ಹೆಚ್ಚು ಅಂತರವಿದ್ದರೆ ಮೆಲ್ಲನೆಯ ಮಾತು ಸಾಗುವುದಿಲ್ಲ. ಓಡಾಡುವ ದಾರಿಗೆ ಮೂರು ಅಡಿ ಬಿಟ್ಟು, ಉಳಿದಲ್ಲಿ ಆಸನಗಳನ್ನು ಹತ್ತಿರ ಎಳೆದು, ಒಂದು ಬದಿಗೆ ಕಿಟಕಿ ಸಿಗುವಂತೆ ಇಟ್ಟರೆ ಅದೇ ಹಾಲ್‌ನಲ್ಲಿ ಮಾತು ಹುಟ್ಟುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ಹತ್ತು ಅಡಿ ಅಗಲದ ಕೋಣೆಗೆ ಏಳು ಅಡಿಯ ಸೋಫಾ, ಅದರೆದುರು ಗ್ರಾನೈಟಿನ ಟೀಪಾಯಿ ತಂದಿಟ್ಟವರಿಗೆ ಎಳೆಯಲು ಜಾಗವಾದರೂ ಎಲ್ಲಿದೆ? ಅಂಗಡಿಯ ದೊಡ್ಡ ಹಜಾರದಲ್ಲಿ ಸಣ್ಣದಾಗಿ ಕಂಡದ್ದು ಮನೆಗೆ ಬಂದ ಮೇಲೆ ಆನೆಯಾಯಿತು ಎಂದು ಗೊಣಗುತ್ತಾರೆ. ಅಳತೆ ಟೇಪು ಮನೆಯಲ್ಲೇ ಇತ್ತು.

ಇನ್ನು ಮಳೆ. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಮೇಲೆ. ಹೊಸನಗರದ ಹುಲಿಕಲ್ ಅದಕ್ಕೆ ಪೈಪೋಟಿ ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗದ, ಉಪ್ಪು ನೀರಾಗುವ, ಚರ್ಮದ ಚಪ್ಪಲಿಗೆ ಬೂಷ್ಟು ಬರುವ ಈ ಸೀಮೆಯಲ್ಲಿ ನಾವು ಬಳ್ಳಾರಿಯಲ್ಲಿಯೋ ಬೆಂಗಳೂರಿನ ಬಡಾವಣೆಯಲ್ಲಿಯೋ ಇದ್ದೇವೆಂಬಂತೆ ಮನೆ ಕಟ್ಟುತ್ತೇವೆ. ಒಂದು ಪ್ರಶ್ನೆ ಸಾಕು ಇದನ್ನು ಸಾಬೀತು ಮಾಡಲು: ನಿಮ್ಮ ಹೊಸ ಮನೆಯಲ್ಲಿ ಒದ್ದೆ ಕೊಡೆ ಇಡುವ ಜಾಗ ಯಾವುದು?

ಹಳೆಯ ಮನೆಗೆ ಜಗಲಿ ಇತ್ತು. ಕೊಡೆ, ಕಂಬಳಿ ಕೊಪ್ಪೆ, ಕೆಸರು ಕಾಲು, ಕತ್ತಿ, ಹೆಡಿಗೆ ಎಲ್ಲ ಅಲ್ಲಿ ನಿಂತು ನೀರಿಳಿಸಿಕೊಂಡು ಆಮೇಲೆ ಒಳಗೆ ಬರುತ್ತಿದ್ದವು. ರಾತ್ರಿ ಅದೇ ಜಗಲಿಯಲ್ಲಿ ಅಡಿಕೆ ಸುಲಿತ. ಈಗಿನ ಮನೆಗೆ ಮೂರಡಿಯ ಸಿಟ್‌ಔಟ್, ಅದಕ್ಕೆ ಹೊಳೆಯುವ ಸ್ಟೀಲ್ ಕಂಬಿ. ತೋಟದಿಂದ ಬಂದವನು ಗಮ್‌ಬೂಟು ಬಿಚ್ಚಲು ಕೂರುವ ಹಾಗಿಲ್ಲ, ಕೊಡೆ ಬಿಚ್ಚಿಡುವ ಹಾಗಿಲ್ಲ. ಕೊಡೆ ಸೀದಾ ಹಾಲ್‌ಗೆ ಬರುತ್ತದೆ, ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸಿನ ಮೇಲೆ ನೀರು ಹರಿಯುತ್ತದೆ, ಅಜ್ಜ ಜಾರುತ್ತಾನೆ. ಹೊರಗಿನ ಕೆಸರಿಗೂ ಒಳಗಿನ ಒಣನೆಲಕ್ಕೂ ನಡುವೆ ಒಂದು ಮಧ್ಯದ ಜಾಗ ಬೇಕು. ಆರಡಿ ಅಗಲ, ಮೇಲೆ ಸೂರು, ಕೂರಲು ಹದಿನೆಂಟು ಅಂಗುಲ ಎತ್ತರದ ಕಟ್ಟೆ, ಗೋಡೆಗೆ ಗೂಟ, ನೆಲಕ್ಕೆ ಒರಟು ಕಲ್ಲು, ನೀರು ಹೊರಹೋಗಲು ಇಳಿಜಾರು. ಅಷ್ಟೇ. ಕಾರು ನಿಲ್ಲಿಸಲು ಇನ್ನೂರು ಚದರಡಿ ಕೊಟ್ಟವರಿಗೆ ಇದಕ್ಕೆ ಜಾಗವಿಲ್ಲ!

ಬಟ್ಟೆಯ ವಿಷಯ ಇನ್ನೂ ಘೋರ. ನಾಲ್ಕು ತಿಂಗಳು ಬಟ್ಟೆ ಒಣಗಿಸುವುದು ಇಲ್ಲಿನ ಹೆಂಗಸರ ಪಾಲಿನ ದೊಡ್ಡ ಕಷ್ಟ. ಹಿಂದೆ ಬಚ್ಚಲ ಒಲೆಯ ಮೇಲೆ ಹೊಗೆಅಟ್ಟ ಇತ್ತು, ಒಲೆಯ ಕಾವಿಗೆ ಬಟ್ಟೆ ಒಣಗುತ್ತಿತ್ತು. ಹೊಗೆಯ ವಾಸನೆ ಹಿಡಿಯುತ್ತಿತ್ತು ನಿಜ. ಈಗ ಮೂವತ್ತು ನಲವತ್ತು ಲಕ್ಷದ ಮನೆ ಕಟ್ಟಿ, ಮಲಗುವ ಕೋಣೆಯ ಫ್ಯಾನಿನ ಕೆಳಗೆ ನೈಲಾನ್ ಹಗ್ಗ ಕಟ್ಟಿಕೊಂಡು, ಒದ್ದೆ ಪಂಚೆ ಸೀರೆಗಳ ನಡುವೆ ತಲೆ ಬಗ್ಗಿಸಿ ಓಡಾಡುತ್ತಾರೆ. ಆ ನೀರಿನಂಶವೆಲ್ಲ ಎಲ್ಲಿಗೆ ಹೋಗಬೇಕು? ಗೋಡೆಗೆ, ಹಾಸಿಗೆಗೆ, ಮಕ್ಕಳ ಶ್ವಾಸಕೋಶಕ್ಕೆ. ನೀರು ಕಾಯಿಸುವ ಹಂಡೆಯ ಪಕ್ಕದಲ್ಲಿ ಒಂದು ಗಾಳಿಯಾಡುವ ಸಣ್ಣ ಕೋಣೆ, ಹೊರಗೋಡೆಗೆ ಮೇಲೂ ಕೆಳಗೂ ಜಾಲಿಕಿಂಡಿ, ಎತ್ತರದಲ್ಲಿ ನಾಲ್ಕು ಸಾಲು ಗಳ ಇದ್ದರೆ ಸಾಕಿತ್ತು. ನಕ್ಷೆ ಬರೆಯುವಾಗ ಯಾರಾದರೂ ಹೆಂಗಸೊಬ್ಬಳನ್ನು ಕೇಳಿದ್ದರೆ ಆಕೆ ಮೊದಲು ಹೇಳುತ್ತಿದ್ದುದೇ ಇದನ್ನು.

ಕಿಟಕಿಗೆ ಬರೋಣ. ಬಿಸಿಯೂ ತೇವವೂ ಇರುವ ಹವೆಯಲ್ಲಿ ಕೋಣೆಯ ನೆಲದ ಆರರಲ್ಲೊಂದು ಪಾಲಿನಷ್ಟಾದರೂ ಕಿಟಕಿ ಇರಬೇಕೆಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಕೋಣೆ ಎಂದರೆ 168 ಚದರಡಿ. ಕಿಟಕಿ 28 ಚದರಡಿ ಬೇಕಾಯಿತು. ನಾವು ಇಡುವುದು ಐದಕ್ಕೆ ನಾಲ್ಕರ ಒಂದು ಸ್ಲೈಡಿಂಗ್ ಕಿಟಕಿ. ಅದರಲ್ಲಿ ಒಂದು ಪಡಿ ಇನ್ನೊಂದರ ಹಿಂದೆ ಸರಿಯುವುದರಿಂದ ಗಾಳಿಗೆ ಸಿಗುವುದು ಅರ್ಧ, ಅಂದರೆ ಹತ್ತು ಚದರಡಿ. ಅದಕ್ಕೂ ಕಪ್ಪು ಗಾಜು, ಕಪ್ಪು ಗಾಜಿಗೆ ದಪ್ಪ ಪರದೆ. ಎದುರುಗೋಡೆಯಲ್ಲಿ ಇನ್ನೊಂದು ಕಿಂಡಿ ಇಲ್ಲದಿದ್ದರೆ ಬಂದ ಗಾಳಿ ಹೊರಗೆ ಹೋಗುವುದೂ ಇಲ್ಲ, ಆಗ ಒಳಗೆ ಬರುವುದೂ ಇಲ್ಲ. ವಾಸ್ತು ನೋಡುವವರು ಬಂದು ಇದ್ದ ಒಂದು ಕಿಟಕಿಯನ್ನೂ ಮುಚ್ಚಿಸಿದ ಮನೆಗಳಿವೆ. ದಿಕ್ಕಿನ ಮಾತಾಡುವವರು ಮಲೆನಾಡಿನ ದಿಕ್ಕನ್ನಾದರೂ ನೋಡಬಾರದೇ? ಇಲ್ಲಿ ಮಳೆ ಹೊಡೆಯುವುದು ಪಶ್ಚಿಮ ಮತ್ತು ನೈಋತ್ಯದಿಂದ. ಆ ಕಡೆಗೆ ಮೂರು ನಾಲ್ಕು ಅಡಿಯ ಚಾಚುಸೂರು ಇರಲೇಬೇಕು. ಹಿರಿಯರು ಅಷ್ಟಕ್ಕೂ ಸಾಲದೆ ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನಾವು ಒಂದೂವರೆ ಅಡಿಯ ಸಜ್ಜೆ ಇಟ್ಟು, ಪಶ್ಚಿಮದ ಹೊರಗೋಡೆಗೆ ಒತ್ತಿ ಆರಡಿಯ ವಾರ್ಡ್‌ರೋಬ್ ಮಾಡಿಸಿ, ಆಗಸ್ಟಿನಲ್ಲಿ ರೇಷ್ಮೆಸೀರೆಗೆ ಬೂಷ್ಟು ಬಂತೆಂದು ಡಾಂಬರುಗುಳಿಗೆ ಹಾಕುತ್ತೇವೆ. ಕಪಾಟನ್ನು ಒಳಗೋಡೆಗೆ ಇಡಿ. ಸಾಧ್ಯವಿಲ್ಲವಾದರೆ ಗೋಡೆಯಿಂದ ಮೂರು ಅಂಗುಲ ಬಿಡಿ, ಕೆಳಗೆ ಕಾಲು ಕೊಡಿ, ಬಾಗಿಲಿಗೆ ಕಿಂಡಿ ಕೊರೆಸಿ. ಗಾಳಿ ಹಿಂದೆ ಸುತ್ತಿದರೆ ಅರ್ಧ ಬೂಷ್ಟು ಅಲ್ಲಿಗೇ ನಿಂತಿತು.

ಸಾಮಗ್ರಿಯ ಆಯ್ಕೆಯಲ್ಲೂ ಇದೇ ಕುರುಡು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರನ್ನು ಹೀರುವ ವಸ್ತು. ಅದನ್ನು ಆಗುಂಬೆಯ ಮಳೆಯ ಕೆಳಗೆ ನೇತುಹಾಕಿ ಬಣ್ಣದ ದೀಪ ಸಿಗಿಸುತ್ತೇವೆ. ಮೂರನೆಯ ವರ್ಷ ಕಂದು ಕಲೆ, ಐದನೆಯ ವರ್ಷ ಚಕ್ಕೆ. ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡ್ ಸಿಂಕಿನ ಕೆಳಗೆ ಹೋದರೆ ಒಂದು ಮಳೆಗಾಲಕ್ಕೆ ಊದಿಕೊಳ್ಳುತ್ತದೆ. ನೀರು ತಾಳುವ ಪ್ಲೈವುಡ್‌ಗೆ ಐಎಸ್ 710 ಎಂಬ ಗುರುತು ಇರುತ್ತದೆ; ಹಾಳೆಯ ಅಂಚಿನಲ್ಲಿ ಅಚ್ಚಾಗಿರುವ ಆ ಮೂರು ಅಂಕೆ ನೋಡದೆ ಲ್ಯಾಮಿನೇಟಿನ ಬಣ್ಣ ನೋಡಿ ದುಡ್ಡು ಕೊಟ್ಟವರು ಮೋಸಹೋದೆವು ಎನ್ನುವಂತಿಲ್ಲ. ಎಲ್ಲಕ್ಕಿಂತ ನಗು ಬರುವುದು ಮೇಲಿನ ಸೂರು ನೋಡಿದಾಗ. ಹೆಂಚಿನ ಇಳಿಜಾರು ಹಳೆಯ ಕಾಲದ್ದೆಂದು ಕಿತ್ತು, ಲಕ್ಷಗಟ್ಟಲೆ ಸುರಿದು ಚಪ್ಪಟೆ ಟೆರೇಸ್ ಹಾಕಿಸಿ, ಅದು ಸೋರಿದಾಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾದ ಶೀಟು ಹೊದಿಸುತ್ತೇವೆ. ಮೂರೂ ತಾಲ್ಲೂಕುಗಳಲ್ಲಿ ಎರಡು ಸೂರಿನ ಇಂಥ ಮನೆಗಳು ಎಷ್ಟಿವೆಯೆಂದರೆ ಈಗ ಯಾರಿಗೂ ಅದು ವಿಚಿತ್ರ ಎನ್ನಿಸುವುದೇ ಇಲ್ಲ. ಅಡಿಕೆ ಒಣಗಿಸಲು ಅನುಕೂಲ ಎಂಬ ಸಮಜಾಯಿಷಿ ಬೇರೆ.

ಅಡುಗೆಮನೆಯ ಮುಂದೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಉದಾಸೀನ ಅತಿ ಕ್ರೂರವಾಗುವುದು ಅಲ್ಲಿ. ಹೊಸ ಮನೆಯಲ್ಲಿ ಈಗ ಎರಡು ಅಡುಗೆಮನೆ. ಒಂದು ತೋರಿಸುವುದಕ್ಕೆ: ಮಾಡ್ಯುಲರ್, ಕೆಂಪೋ ನೇರಳೆಯೋ ಹೊಳೆಯುವ ಬಾಗಿಲು, ಚಿಮಣಿ, ಹೋಬ್. ಇನ್ನೊಂದು ದುಡಿಯುವುದಕ್ಕೆ: ಹಿಂದೆ, ಶೀಟಿನ ಇಳಿಮಾಡಿನಲ್ಲಿ, ಸೌದೆ ಒಲೆ, ಒರಳು, ಪಾತ್ರೆ ತೊಳೆಯುವ ಕಲ್ಲು. ಮದುವೆ ಮುಂಜಿ ಇರಲಿ, ಹತ್ತು ಆಳಿಗೆ ತಿಂಡಿ ಬೇಯಿಸುವ ದಿನವೂ ಹೆಂಗಸರು ಹೊಗೆ ಕುಡಿಯುತ್ತ ಕುಕ್ಕರುಗಾಲಿನಲ್ಲಿ ಕೂರುವುದು ಅಲ್ಲಿಯೇ. ಹೊಗೆ ಕೊಳವೆಯಿರುವ, ಸೌದೆ ಉಳಿಸುವ ಅಸ್ತ್ರ ಒಲೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ರೂಪಿಸಿ ಎಷ್ಟೋ ವರ್ಷಗಳಾದವು. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆ ತಂಡವನ್ನು ಕಟ್ಟಿದ್ದೇ ಹಳ್ಳಿಯ ಮನೆಗೆ ಒದಗುವ ತಂತ್ರಜ್ಞಾನಕ್ಕಾಗಿ. ಮಲೆನಾಡಿನಲ್ಲಿ ಅದನ್ನು ಹಾಕಿಸಿಕೊಂಡ ಮನೆಗಳೂ ಇವೆ. ಆದರೂ ಐದು ಲಕ್ಷದ ಮಾಡ್ಯುಲರ್ ಕಿಚನ್ ಮಾಡಿಸಿದವರು ಹಿಂದಿನ ಒಲೆಗೆ ನಾಲ್ಕು ಅಂಗುಲದ ಒಂದು ಹೊಗೆಕೊಳವೆ ಏರಿಸುವುದಿಲ್ಲ. ಯಾಕೆ? ಗೃಹಪ್ರವೇಶಕ್ಕೆ ಬಂದವರು ಅಲ್ಲಿಗೆ ಹೋಗುವುದಿಲ್ಲವಲ್ಲ.

1926ರಲ್ಲಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟ್ ನಗರದ ಕೆಲಸಗಾರರ ವಸತಿಗಳಿಗೆ ಒಂದು ಅಡುಗೆಮನೆ ರೂಪಿಸಿದಳು. ಸುಮಾರು ಆರಡಿ ಅಗಲ, ಹನ್ನೊಂದು ಅಡಿ ಉದ್ದ, ಅಷ್ಟೇ. ರೈಲಿನ ಊಟದ ಬೋಗಿಯಲ್ಲಿ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜನಕ್ಕೆ ಹೇಗೆ ಬೇಯಿಸುತ್ತಾರೆಂದು ನೋಡಿ, ಹೆಂಗಸೊಬ್ಬಳು ಒಂದು ಕೆಲಸಕ್ಕೆ ಎಷ್ಟು ಹೆಜ್ಜೆ ಹಾಕುತ್ತಾಳೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಳತೆಗಳ ಮೇಲೆ ಕಪಾಟು, ತೊಟ್ಟಿ, ಒಲೆ ಜೋಡಿಸಿದಳು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಅಲ್ಲಿ ಎದ್ದವು. ಒಬ್ಬಳನ್ನೇ ಒಳಗೆ ಕೂಡಿಹಾಕಿತು ಎಂಬ ಆಕ್ಷೇಪವೂ ಆಮೇಲೆ ಬಂತು, ಅದು ಸರಿಯಾದ ಆಕ್ಷೇಪವೇ. ಆದರೆ ಹೆಜ್ಜೆ ಎಣಿಸಬೇಕೆಂದು ಒಬ್ಬರಿಗಾದರೂ ತೋಚಿತು. ನಮ್ಮಲ್ಲಿ ಫ್ರಿಜ್ಜು ಹಾಲ್‌ನಲ್ಲಿ (ಅದೂ ತೋರಿಸಲಿಕ್ಕೆ), ಒಲೆ ಒಳಗೆ, ನೀರು ಹಿತ್ತಲಲ್ಲಿ, ಮಿಕ್ಸಿಯ ಪ್ಲಗ್ಗು ಬಾಗಿಲ ಹಿಂದೆ. ಒಂದು ಸಾರು ಕುದಿಸುವಷ್ಟರಲ್ಲಿ ಮನೆಯೊಡತಿ ಅಂಗಳ ಸುತ್ತಿದಷ್ಟು ನಡೆದಿರುತ್ತಾಳೆ. ತೊಳೆಯುವುದು, ಹೆಚ್ಚುವುದು, ಬೇಯಿಸುವುದು ಈ ಕ್ರಮದಲ್ಲಿ ಕೈಗೆ ಸಿಗುವಂತೆ ಇರಬೇಕು. ಒಲೆ, ತೊಟ್ಟಿ, ಫ್ರಿಜ್ಜು ಈ ಮೂರರ ನಡುವಿನ ದೂರ ಕೂಡಿಸಿದರೆ ಇಪ್ಪತ್ತಾರು ಅಡಿ ಮೀರಬಾರದು.

ಕಟ್ಟೆಯ ಎತ್ತರ? ‘ಎರಡು ಮುಕ್ಕಾಲು ಅಡಿ, ಎಲ್ಲರ ಮನೆಯಲ್ಲೂ ಅಷ್ಟೇ’ ಎನ್ನುತ್ತಾನೆ ಮೇಸ್ತ್ರಿ. ಬೇಯಿಸುವವಳ ಮೊಣಕೈಯಿಂದ ಐದು ಅಂಗುಲ ಕೆಳಗೆ ಇರಬೇಕು ಕಟ್ಟೆ. ಆಕೆಯನ್ನು ನಿಲ್ಲಿಸಿ ಗೋಡೆಗೆ ಪೆನ್ಸಿಲಿನ ಗೀರು ಹಾಕಿದರೆ ಮುಗಿಯಿತು. ರವಿಕೆಗೆ ಅಳತೆ ಕೊಡುವ ಊರಿನಲ್ಲಿ, ಇಪ್ಪತ್ತು ವರ್ಷ ನಿಂತು ಕೆಲಸ ಮಾಡುವ ಕಟ್ಟೆಗೆ ಅಳತೆ ಕೊಡುವ ಪದ್ಧತಿಯಿಲ್ಲ. ಆಮೇಲೆ ಸೊಂಟನೋವಿಗೆ ಶಿವಮೊಗ್ಗ, ಮಣಿಪಾಲ.

ಬೆಳಕಿನ ಮಾತು ಚುಟುಕಾಗಿ ಹೇಳುತ್ತೇನೆ. ಎಲ್ಲ ಕೋಣೆಗೂ ನೆತ್ತಿಯ ಮೇಲೊಂದು ಬಿಳಿ ಎಲ್‌ಇಡಿ, ಅದು 6500 ಕೆಲ್ವಿನ್‌ನ ನೀಲಿಬಿಳುಪು. ಊಟದ ಮೇಜಿಗೂ ಅದೇ, ಮಲಗುವ ಕೋಣೆಗೂ ಅದೇ, ಆಪರೇಷನ್ ಥಿಯೇಟರಿಗೂ ಅದೇ. ಮಲಗುವಲ್ಲಿ, ಕೂರುವಲ್ಲಿ 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ಬಲ್ಬು ಹಾಕಿ. ಹೆಚ್ಚುವಲ್ಲಿ, ಓದುವಲ್ಲಿ ನೆರಳು ಕೈಯ ಮೇಲೆ ಬೀಳದಂತೆ ಎದುರಿನಿಂದಲೋ ಪಕ್ಕದಿಂದಲೋ ಇನ್ನೊಂದು ದೀಪ ಕೊಡಿ. ಬಲ್ಬಿನ ಡಬ್ಬಿಯ ಮೇಲೆ ಈ ಅಂಕೆ ಬರೆದಿರುತ್ತದೆ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಬಣ್ಣದ ಬಗ್ಗೆ ಇನ್ನೂ ಚುಟುಕು: ಮಳೆಗಾಲದ ನಾಲ್ಕು ತಿಂಗಳು ಹಗಲೇ ಮಬ್ಬಿರುವ ಊರಿನಲ್ಲಿ ಒಂದು ಗೋಡೆಗೆ ಕಡುನೇರಳೆ ಹಚ್ಚಿಸಬೇಡಿ.

ಮುದುಕರನ್ನು ಮರೆತು ಕಟ್ಟುವುದು ನಮ್ಮ ಇನ್ನೊಂದು ಹಟ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಈ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಉಳಿದಿರುವವರು ಅರವತ್ತು ದಾಟಿದ ಇಬ್ಬರು. ಅವರ ಹಾಸಿಗೆಯಿಂದ ಬಚ್ಚಲಿಗೆ ರಾತ್ರಿ ಹೋಗುವ ದಾರಿಯಲ್ಲಿ ಎರಡು ಮೆಟ್ಟಿಲು, ಒಂದು ಹೊಸ್ತಿಲು, ಹೊಳೆಯುವ ಟೈಲ್ಸು, ದೀಪದ ಸ್ವಿಚ್ಚು ಆಚೆ ಗೋಡೆಗೆ. ಕಮೋಡಿನ ಪಕ್ಕ ಹಿಡಿಯಲು ಒಂದು ಕಂಬಿಯಿಲ್ಲ. ಮಗ ಊರಿಗೆ ಬಂದಾಗ ಮಲಗಲೆಂದು ಮಹಡಿಯ ಮೇಲೆ ಏಸಿ ಕೋಣೆ ಮಾತ್ರ ಸಿದ್ಧವಾಗಿರುತ್ತದೆ, ವರ್ಷಕ್ಕೆ ಎಂಟು ರಾತ್ರಿಗೆ. ತೊಡೆಯ ಮೂಳೆ ಮುರಿದ ಮೇಲೆ ಹಾಕಿಸುವ ಕಂಬಿಯನ್ನು ಮೊದಲೇ ಹಾಕಿಸಿದರೆ ಅಪಶಕುನ ಎನ್ನುವವರನ್ನೂ ಕಂಡಿದ್ದೇನೆ. ನೆಲಕ್ಕೆ ಒರಟು ಟೈಲ್ಸು, ಬಾಗಿಲಿಗೆ ಗಾಲಿಕುರ್ಚಿ ನುಗ್ಗುವಷ್ಟು ಮೂರಡಿ ಅಗಲ, ಹಾಸಿಗೆಯಿಂದ ಕೈ ಚಾಚಿದರೆ ಸಿಗುವ ಸ್ವಿಚ್ಚು. ಇವು ಐಷಾರಾಮವಲ್ಲ.

ಇಷ್ಟು ಹೇಳಿದರೆ ‘ಹಳೆಯ ಚೌಕಿಮನೆಯೇ ಚೆಂದ ಇತ್ತು ಬಿಡಿ’ ಎಂದು ನಿಟ್ಟುಸಿರುಬಿಡುವ ಒಂದು ಗುಂಪು ಸಿದ್ಧವಾಗಿರುತ್ತದೆ. ಅವರಿಗೂ ನನ್ನ ತಕರಾರಿದೆ. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಗೆ ಹೋಗುವವರು ಕೆತ್ತನೆಯ ಕಂಬ ಹಿಡಿದು ಫೋಟೋ ತೆಗೆಸಿಕೊಂಡು ಬರುತ್ತಾರೆ. ನೋಡಬೇಕಾದ್ದು ಬೇರೆ: ನಡುವೆ ತೆರೆದ ಅಂಗಳ ಬಿಟ್ಟು ಸುತ್ತಲ ಕೋಣೆಗಳಿಗೆ ಬೆಳಕು ಹಂಚಿದ ಬಗೆ, ಮಳೆನೀರು ಒಳಗೆ ಬಿದ್ದೂ ಒಳಗೆ ನಿಲ್ಲದಂತೆ ಮಾಡಿದ ಇಳುಕಲು. ಆದರೆ ಅಂಥ ಮನೆಗಳ ಹಿಂಬದಿಯ ಅಡುಗೆಕೋಣೆ ಕತ್ತಲ ಗವಿಯಾಗಿತ್ತು, ಬಾಣಂತಿಗೆ ಸಿಗುತ್ತಿದ್ದುದು ಕಿಟಕಿಯಿಲ್ಲದ ಮೂಲೆ, ಮುಟ್ಟಾದವಳಿಗೆ ಹೊರಗಿನ ಚಡಿ, ಜಗಲಿಯ ಯಾವ ಮೆಟ್ಟಿಲಿನವರೆಗೆ ಯಾವ ಜಾತಿಯವರು ಬರಬಹುದೆಂಬುದು ಕಟ್ಟಡದಲ್ಲೇ ಬರೆದಿತ್ತು. ಬೆಳಕು ಗಾಳಿಯ ಜಾಣ್ಮೆ ಇಟ್ಟುಕೊಂಡು ಈ ಅನ್ಯಾಯ ಕಿತ್ತುಹಾಕುವುದು ನಮ್ಮ ಕೆಲಸವಾಗಿತ್ತು. ನಾವು ಮಾಡಿದ್ದು? ಅಂಗಳವನ್ನು ಮುಚ್ಚಿ ಕತ್ತಲೆಯನ್ನು ಉಳಿಸಿಕೊಂಡೆವು. ಕೆಲಸದವರಿಗೆ ಇವತ್ತೂ ಹಿತ್ತಲ ಬಾಗಿಲು, ಬೇರೆ ಲೋಟ. ಹೊಸ ಬಣ್ಣದ ಗೋಡೆಯ ಮರೆಯಲ್ಲಿ ಆ ಅನ್ಯಾಯ ಹಾಗೆಯೇ ಇದೆ.

ಕಿತ್ತ ಮುಂಡಿಗೆ, ಬೋದಿಗೆ, ಚಿತ್ತಾರದ ಬಾಗಿಲುಗಳನ್ನು ಲಾರಿಗೆ ತುಂಬಿಸಿ ಕಳಿಸಿ, ಆ ದುಡ್ಡಿನಲ್ಲಿ ಮರದ ಗೆರೆ ಅಚ್ಚೊತ್ತಿದ ಟೈಲ್ಸು ಕೊಂಡು ಗೋಡೆಗೆ ಅಂಟಿಸಿದವರಿಗೆ ಏನೆನ್ನಬೇಕೋ ತಿಳಿಯದು. ಇಂಥ ಮನೆಗಳ ಬೆಲೆ ಅರಿತ ವಿಜಯನಾಥ ಶೆಣೈ ಎಂಬವರು ಮಣಿಪಾಲದಲ್ಲಿ ಹಸ್ತಶಿಲ್ಪದ ಪಾರಂಪರಿಕ ಗ್ರಾಮಕ್ಕಾಗಿ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಈಗ ನಾವು ಟಿಕೆಟು ಕೊಂಡು ನೋಡಿಬರುತ್ತೇವೆ. ಇತ್ತ ಹೋಂಸ್ಟೇ ಮಾಡಿದವರು ಒರಳಿನಲ್ಲಿ ಹೂಗಿಡ ನೆಟ್ಟು, ಕಡೆಗೋಲನ್ನು ಗೋಡೆಗೆ ಮೊಳೆ ಹೊಡೆದು ಸಂಸ್ಕೃತಿ ಉಳಿಸುತ್ತಿದ್ದಾರೆ.

ಗೋಡೆಯ ಮೇಲೆ ಏನು ಇರಬೇಕು, ಏನು ಇರಬಾರದು ಎಂಬ ವಿವೇಕವನ್ನು ಸಾಗರದ ಸುತ್ತಿನ ದೀವರ ಹೆಂಗಸರಿಂದ ಕಲಿಯಬಹುದಿತ್ತು. ಅವರ ಹಸೆಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ನಾಲ್ಕೇ ಬಣ್ಣ, ನೇರ ಗೆರೆ, ಒಂದೇ ಗೋಡೆ. ಸುತ್ತ ಖಾಲಿ ಬಿಟ್ಟಿದ್ದರಿಂದಲೇ ಆ ಚೌಕ ಕೋಣೆಯನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಕಣ್ಣಿಗೆ ಮೊದಲು ಎಲ್ಲಿ ನಿಲ್ಲಬೇಕೆಂದು ಹೇಳುವ ಒಂದು ಜಾಗ ಪ್ರತಿ ಕೋಣೆಯಲ್ಲೂ ಇರಬೇಕು, ಒಂದೇ ಇರಬೇಕು. ನಮ್ಮ ಹಾಲ್‌ಗಳಲ್ಲಿ ಆ ಜಾಗಕ್ಕೆ ಟಿವಿ, ಅದರ ಸುತ್ತ ಸಹಕಾರ ಸಂಘದ ಕ್ಯಾಲೆಂಡರು, ಎರಡು ಗಡಿಯಾರ, ಮದುವೆಯ ಫೋಟೋ, ಗಾಜಿನ ಜಲಪಾತ. ಅಜ್ಜ ಅಜ್ಜಿಯ ಫೋಟೋಗಳು ಮಾತ್ರ ಸೂರಿಗೆ ತಾಗಿ, ಕತ್ತು ನೋಯುವಷ್ಟು ಎತ್ತರದಲ್ಲಿ ಮುಂದಕ್ಕೆ ಬಾಗಿ ನಿಂತಿವೆ. ನೆಲದಿಂದ ಐದಡಿಗೆ, ನಿಂತವರ ಕಣ್ಣಿನ ಮಟ್ಟಕ್ಕೆ ಇಳಿಸಿ ಅವರನ್ನು. ಮುಖವಾದರೂ ಕಾಣಲಿ.

ಪರದೆಯ ವಿಷಯ ಹೇಳದೆ ಬಿಟ್ಟರೆ ನನಗೆ ಸಮಾಧಾನವಿಲ್ಲ. ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ 1996ರಲ್ಲಿ ಶುರುವಾದ ಚರಕ ಎಂಬ ಮಹಿಳಾ ಸಹಕಾರ ಸಂಘ ಕೈಮಗ್ಗದಲ್ಲಿ ನೇಯ್ದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುತ್ತಿದೆ. ಆ ಬಣ್ಣಗಳಲ್ಲಿ ಒಂದು ನಮ್ಮದೇ ಅಡಿಕೆ ಚೊಗರು, ಹಂಡೆಯಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಆ ಕಂದುಗೆಂಪು ನೀರು. ಬೆಂಗಳೂರಿನವರು ಹುಡುಕಿಕೊಂಡು ಹೋಗಿ ಆ ಬಟ್ಟೆ ಕೊಳ್ಳುತ್ತಾರೆ. ಸಾಗರದ ಹೊಸ ಮನೆಗಳ ಕಿಟಕಿಗೆ ಸೂರತ್ತಿನ ಪಾಲಿಯೆಸ್ಟರು, ಅದರ ಮೇಲೆ ಪ್ಯಾರಿಸಿನ ಗೋಪುರ. ಹತ್ತಿಯ ತೆಳು ಪರದೆ ಬೆಳಕನ್ನು ಸೋಸಿ ಒಳಗೆ ಬಿಡುತ್ತದೆ, ತೇವ ಹೀರಿ ಬಿಡುತ್ತದೆ, ರೆಡ್‌ಆಕ್ಸೈಡ್ ನೆಲಕ್ಕೂ ಹಲಸಿನ ಮರದ ಬಾಗಿಲಿಗೂ ಹೊಂದುತ್ತದೆ. ಆದರೆ ಹತ್ತಿರದಲ್ಲಿ ಸಿಗುವುದಕ್ಕೆ ನಮ್ಮಲ್ಲಿ ಮರ್ಯಾದೆಯಿಲ್ಲ.

ಧಾರಣೆ ಬಂತೆಂದು ಪಾಯ ತೋಡಿಸಲು ಹೊರಟವರು ಒಂದು ಕೆಲಸ ಮಾಡಲಿ. ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ದಿನ, ಗುದ್ದಲಿ ಹಾಕುವ ಮೊದಲು, ಈಗಿರುವ ಮಂಚ, ಮೇಜು, ಎರಡು ಕುರ್ಚಿ ಹೊತ್ತು ತಂದು ಆ ಗೆರೆಗಳ ಒಳಗಿಡಲಿ. ಅಡುಗೆ ಮಾಡುವವಳು ಅಡುಗೆಮನೆಯ ಗೆರೆಯೊಳಗೆ ನಿಂತು ಒಲೆ ಇಲ್ಲಿ, ನೀರು ಇಲ್ಲಿ, ಕಿಟಕಿ ಇಲ್ಲಿ ಎಂದು ಹೇಳಲಿ. ಅಮ್ಮ ಹಾಸಿಗೆಯಿಂದೆದ್ದು ಬಚ್ಚಲಿನ ಗೆರೆಯವರೆಗೆ ನಡೆದು ನೋಡಲಿ. ಓದುವ ಹುಡುಗಿ ತನ್ನ ಮೇಜಿನ ಜಾಗ ತೋರಿಸಲಿ. ಹೊತ್ತು ಮೂಡುವುದು ಎಲ್ಲಿ, ಮಳೆ ಹೊಡೆಯುವುದು ಎಲ್ಲಿಂದ ಎಂದು ಎಲ್ಲರೂ ಒಮ್ಮೆ ತಿರುಗಿ ನೋಡಲಿ. ಗೆರೆ ಅಳಿಸಿ ಮತ್ತೆ ಎಳೆಯಲು ಇನ್ನೊಂದು ಬೋಗುಣಿ ಸುಣ್ಣ ಸಾಕು, ಮೇಸ್ತ್ರಿಗೆ ಅರ್ಧ ದಿನದ ಕೂಲಿ ಹೆಚ್ಚು ಕೊಡಬೇಕಾಗಬಹುದು. ಅಷ್ಟು ಹೊತ್ತು ಯಜಮಾನರು ಅಂಗಳದ ಆಚೆ ನಿಂತು ಬಾಯಿಮುಚ್ಚಿ ಕೇಳಿಸಿಕೊಳ್ಳಲಿ.